ಲೆಜೆಂಡರಿಯಲ್ಲಿ ಬರೀ ಬಟ್ಟೆ ತೊಟ್ಟ ಮಂತ್ರವಾದಿ: ನನ್ನ ಅನುಭವ

ಕಳೆದ ತಿಂಗಳು ಸ್ಕೈರಿಮ್ ಎಂಬ ವಿಡಿಯೋ ಗೇಮ್‌ನಲ್ಲಿ ಲ್ಯಾಬಿರಿಂಥಿಯನ್ ಎಂಬ ಹಾಳು ನಗರ ಮುಗಿಸಿದೆ, ಲೆಜೆಂಡರಿ ಎಂಬ ಅತಿ ಕಷ್ಟದ ಮಟ್ಟದಲ್ಲಿ. ಮೈಮೇಲೆ ಒಂದು ತುಂಡು ಕಬ್ಬಿಣ ಇರಲಿಲ್ಲ, ಚರ್ಮವೂ ಇರಲಿಲ್ಲ. ತಲೆಗೆ ಸರ್ಕ್‌ಲೆಟ್ (ತಲೆಪಟ್ಟಿಯಂಥ ಒಡವೆ), ಮೈಗೆ ಮಾಮೂಲಿ ಬಟ್ಟೆ, ಒಂದು ಉಂಗುರ, ಒಂದು ಸರ, ಕಾಲಿಗೆ ಬಟ್ಟೆ ಬೂಟು, ಅಷ್ಟೇ. ನಮ್ಮ ಗುಂಪಿನಲ್ಲಿ ನಾಲ್ಕು ಜನ ಈ ಆಟ ಆಡುತ್ತೇವೆ. ಮೇಜ್ (ಮಂತ್ರವಾದಿ) ಬಗ್ಗೆ ಉಳಿದ ಮೂವರೂ ಒಂದೇ ಮಾತು ಹೇಳುತ್ತಿದ್ದರು: "ಮಗಾ, ಲೆಜೆಂಡರಿಯಲ್ಲಿ ಮೇಜ್ ಅಂದ್ರೆ ಡೇಡ್ರಿಕ್ ಆರ್ಮರ್ ಹಾಕ್ಕೊಂಡಿರೋ ಮೇಜ್. ಬಟ್ಟೇಲಿ ಹೋದ್ರೆ ಒಂದೇ ಏಟು." ಡೇಡ್ರಿಕ್ ಆರ್ಮರ್ ಅಂದರೆ ಆಟದ ಒಂದು ಭಾರಿ ಕವಚ. ಎರಡು ವರ್ಷ ಈ ಮಾತು ಕೇಳಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಲೆಕ್ಕ ತಪ್ಪಲ್ಲ. ನಾಲ್ಕೂ ಭಾಗದ ಆರ್ಮರ್ ಹಾಕಿ ರೇಟಿಂಗ್ 567 ಮುಟ್ಟಿಸಿದರೆ ಏಟಿನ ಶೇ 80 ಭಾಗ ಕಡಿಮೆಯಾಗುತ್ತದೆ. ಅದರ ಮೇಲೆ ಎಷ್ಟು ಸೇರಿಸಿದರೂ ಪ್ರಯೋಜನ ಇಲ್ಲ. ನನ್ನ ಎಬನಿಫ್ಲೆಶ್ ಎಂಬ ರಕ್ಷಣೆಯ ಸ್ಪೆಲ್ (ಮಂತ್ರ) 100 ಕೊಡುತ್ತದೆ. ಮೇಜ್ ಆರ್ಮರ್ ಪರ್ಕ್ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಮೂರೂ ಹಂತ ತೆಗೆದುಕೊಂಡರೆ ಅದು ಮೂರು ಪಟ್ಟು, ಅಂದರೆ 300. ಒಂದು ಅಂಕಕ್ಕೆ ಶೇ 0.12ರ ಲೆಕ್ಕದಲ್ಲಿ ಶೇ 36. ಕಾಗದದ ಮೇಲೆ ನಾನು ಸೋತೆ, ಅಲ್ವಾ? ಆದರೆ ಕಾಗದದಲ್ಲಿ ಇಲ್ಲದ ಒಂದು ವಿಷಯ ಇದೆ. ಮೇಜ್ ಸಾಯುವುದು ಕತ್ತಿಯಿಂದ ಕಡಿಮೆ, ಬೇರೆ ಮೇಜ್‌ಗಳಿಂದ ಮತ್ತು ಡ್ರ್ಯಾಗನ್ ಉಸಿರಿನಿಂದ ಜಾಸ್ತಿ. ಕತ್ತಿ ಹಿಡಿದವನು ನಮ್ಮ ಹತ್ತಿರ ನಡೆದು ಬರಬೇಕು. ಅವನನ್ನು ದಾರಿಯಲ್ಲೇ ನಿಲ್ಲಿಸಬಹುದು. ಐಸಿ ಸ್ಪಿಯರ್ (ಹಿಮದ ಈಟಿಯ ಸ್ಪೆಲ್) ನಿಂತಲ್ಲಿಗೇ ಬರುತ್ತದೆ. ಅದಕ್ಕೆ ಡೇಡ್ರಿಕ್ ಆರ್ಮರ್ ಕೂಡ ಒಂದೇ, ಗೋಣಿಚೀಲ ಕೂಡ ಒಂದೇ.

ಇದು ನನಗೆ ಗೊತ್ತಾಗಿದ್ದು ಮೊದಲ ಆಟ ಹಾಳಾದ ಮೇಲೆ. ಆಗ ನಾನೂ ಗೆಳೆಯರ ಮಾತು ಕೇಳಿ ಹೆವಿ ಆರ್ಮರ್ ಹಾದಿ ಹಿಡಿದಿದ್ದೆ. ಕುಲುಮೆ ಮುಂದೆ ಕೂತು ಸ್ಮಿಥಿಂಗ್ (ಕಮ್ಮಾರಿಕೆ) ಏರಿಸಿದೆ. ಅದರಿಂದ ನನ್ನ ಲೆವೆಲ್ ಏರಿತು, ಶತ್ರುಗಳ ಲೆವೆಲ್ಲೂ ಏರಿತು. ನನ್ನ ಸ್ಪೆಲ್‌ಗಳ ಶಕ್ತಿ ಮಾತ್ರ ಇದ್ದಲ್ಲೇ ಇತ್ತು. ಲೆಜೆಂಡರಿಯಲ್ಲಿ ನಾವು ಕೊಡುವ ಏಟು ಕಾಲು ಭಾಗ, ತಿನ್ನುವ ಏಟು ಮೂರು ಪಟ್ಟು ಎನ್ನುವುದು ನಿಮಗೆ ಗೊತ್ತೇ ಇದೆ. ಇನ್ನೊಂದು ತೊಡಕು ಯಾರೂ ಹೇಳಿರಲಿಲ್ಲ. ಹೆವಿ ಆರ್ಮರ್ ಸ್ಕಿಲ್ ಬೆಳೆಯಬೇಕಾದರೆ ಆರ್ಮರ್ ತೊಟ್ಟು ಏಟು ತಿನ್ನಬೇಕು. ಮೇಜ್ ಚೆನ್ನಾಗಿ ಆಡಿದಷ್ಟೂ ಏಟು ಬೀಳುವುದಿಲ್ಲ, ಸ್ಕಿಲ್ ಬೆಳೆಯುವುದಿಲ್ಲ. 35ನೇ ಲೆವೆಲ್‌ನಲ್ಲೂ ನನ್ನ ಹೆವಿ ಆರ್ಮರ್ ಸ್ಕಿಲ್ 40ರ ಆಸುಪಾಸಿನಲ್ಲೇ ಇತ್ತು. ಪರ್ಕ್ ಹಾಕಿದ್ದೆಲ್ಲ ದಂಡ. ಕೊನೆಗೆ ಒಂದು ಗುಹೆಯಲ್ಲಿ ಇಬ್ಬರು ನೆಕ್ರೊಮ್ಯಾನ್ಸರ್‌ಗಳು (ಹೆಣ ಎಬ್ಬಿಸುವ ಮಂತ್ರವಾದಿಗಳು) ಎರಡು ಐಸಿ ಸ್ಪಿಯರ್‌ನಲ್ಲಿ ಮುಗಿಸಿದರು. ಹತ್ತು ಸಲ ಲೋಡ್ ಮಾಡಿದೆ, ಹತ್ತು ಸಲವೂ ಹಾಗೇ ಆಯಿತು. ಆ ಆಟ ಅಲ್ಲಿಗೇ ಬಿಟ್ಟೆ.

ಎರಡನೇ ಆಟದಲ್ಲಿ ಬಟ್ಟೆಗೆ ಬಂದೆ. ಆದರೆ ಅಲ್ಲೂ ದೊಡ್ಡ ತಪ್ಪು ಮಾಡಿದೆ. ಲ್ಯಾಬಿರಿಂಥಿಯನ್‌ನ ಕೊನೆಯ ಶತ್ರು ಮೊರೊಕೈನ ಮಾಸ್ಕ್ (ಮುಖವಾಡ) ಸಿಕ್ಕಿತ್ತು. ಮ್ಯಾಜಿಕಾ (ಸ್ಪೆಲ್‌ಗೆ ಬೇಕಾದ ಶಕ್ತಿ) ಎರಡು ಪಟ್ಟು ಬೇಗ ತುಂಬುತ್ತದೆ ಎಂದು ಖುಷಿಯಿಂದ ಹಾಕಿಕೊಂಡೆ. ಅದು ಲೈಟ್ ಆರ್ಮರ್ ಲೆಕ್ಕಕ್ಕೆ ಬರುತ್ತದೆ. ಒಂದು ತುಂಡು ಆರ್ಮರ್ ಇದ್ದರೂ ಮೇಜ್ ಆರ್ಮರ್ ಪರ್ಕ್ ಕೆಲಸ ಮಾಡುವುದಿಲ್ಲ. 300 ಇರಬೇಕಾದದ್ದು 100ಕ್ಕೆ ಇಳಿದಿತ್ತು. ಸುಮಾರು ಹದಿನೈದು ಗಂಟೆ ಹಾಗೇ ಆಡಿದೆ. ಇನ್ವೆಂಟರಿಯ ಕೆಳಗಿನ ಆರ್ಮರ್ ಅಂಕಿ ಒಂದು ಸಲ ಓದಿದ್ದರೆ ಸಾಕಿತ್ತು. ಈಗ ಏನೇ ಹೊಸದು ತೊಟ್ಟರೂ ಸ್ಪೆಲ್ ಹಾಕಿ ಆ ಅಂಕಿ ನೋಡಿಯೇ ಮುಂದೆ ಹೋಗುತ್ತೇನೆ.

ಅದೇ ಆಟದಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ವಿಂಡ್‌ಹೆಲ್ಮ್‌ನ ದಕ್ಷಿಣಕ್ಕೆ ಬಿಸಿನೀರಿನ ಬುಗ್ಗೆಗಳ ಹತ್ತಿರ ಅಟ್ರೊನಾಕ್ ಕಲ್ಲು ಇದೆಯಲ್ಲ, ಅದನ್ನು ಮುಟ್ಟಿದರೆ ನಮ್ಮ ಮೇಲೆ ಬೀಳುವ ಸ್ಪೆಲ್ ಅರ್ಧದಷ್ಟು ಸಲ ಹೀರಿಹೋಗುತ್ತದೆ. ಆಲ್ಟರೇಶನ್‌ನ (ಎಬನಿಫ್ಲೆಶ್‌ನಂಥ ಸ್ಪೆಲ್‌ಗಳ ಶಾಲೆ) ಕೊನೆಯ ಪರ್ಕ್‌ನಿಂದ ಇನ್ನೊಂದು 30. ಒಟ್ಟು 80. ಕೇಳಲು ಬಹಳ ಚೆನ್ನಾಗಿದೆ. ಆದರೆ ಸ್ಪೆಲ್ ಹಾಕಿ ಕರೆಸುವ ಯೋಧ ಡ್ರೆಮೊರಾ ಲಾರ್ಡ್‌ನನ್ನು ಕರೆದರೆ ಅವನು ಬರುವುದೇ ಇಲ್ಲ. ನನ್ನ ಸ್ಪೆಲ್ ನನ್ನಲ್ಲೇ ಹೀರಿಹೋಗುತ್ತದೆ! ಐದು ಸಲ ಕರೆದರೆ ಒಂದು ಸಲ ಬರುತ್ತಿದ್ದ. ಯಾರನ್ನೂ ಕರೆಸದೆ ಒಬ್ಬರೇ ಆಡುವವರಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಡ್ರೆಮೊರಾ ನಂಬಿ ಆಡುವ ನನ್ನಂಥವರಿಗೆ ಅದು ಆಗದ ಮಾತು. ಈಗಿನ ಆಟದಲ್ಲಿ ಆ ಪರ್ಕನ್ನು ಮುಟ್ಟಿಲ್ಲ.

ವಾರ್ಡ್ (ಕೈಯಲ್ಲಿ ಹಿಡಿಯುವ ಮಂತ್ರದ ಗುರಾಣಿ) ಕೂಡ ನೋಡಿದೆ. ಗ್ರೇಟರ್ ವಾರ್ಡ್ ಹಿಡಿದು ಡ್ರ್ಯಾಗನ್ ಮುಂದೆ ನಿಂತರೆ ನೋಡಲು ಚಂದ. ಆದರೆ ಒಂದು ಕೈ ಅದಕ್ಕೇ ಹೋಗುತ್ತದೆ, ಮ್ಯಾಜಿಕಾ ಸುರಿಯುತ್ತಲೇ ಇರುತ್ತದೆ. ನನಗೆ ಎರಡೂ ಕೈ ಬೇಕು. ಏಕೆಂದರೆ ನನ್ನ ನಿಜವಾದ ಆರ್ಮರ್ ಇಂಪ್ಯಾಕ್ಟ್ ಪರ್ಕ್. ಎರಡು ಕೈಯಲ್ಲಿ ಒಂದೇ ಸ್ಪೆಲ್ ಹೊಡೆದರೆ ಎದುರಿನವನು ತತ್ತರಿಸುತ್ತಾನೆ. ಅವನು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಹೊಡೆಯಿರಿ. ಬ್ಯಾಂಡಿಟ್ ಚೀಫ್ ಸುತ್ತಿಗೆ ಎತ್ತುತ್ತಾನೆ, ಇಳಿಸುವುದಿಲ್ಲ. ನೆಲಕ್ಕಿಳಿದ ಡ್ರ್ಯಾಗನ್ ಕೂಡ ಹೀಗೇ ತತ್ತರಿಸುತ್ತದೆ. ಬೀಳದ ಏಟಿಗೆ ಆರ್ಮರ್ ಯಾಕೆ?

ಇದಕ್ಕೆ ಬೇಕಾದ ಮ್ಯಾಜಿಕಾ ಎಲ್ಲಿಂದ ಎಂದು ಕೇಳುತ್ತೀರಿ. ಅಲ್ಲಿಗೇ ಬರುತ್ತೇನೆ. ಮೂರನೇ ಆಟ, ಅಂದರೆ ಈಗಿನದು, ಶುರುವಿನಿಂದಲೇ ಲೆಕ್ಕ ಹಾಕಿ ಕಟ್ಟಿದ್ದು.

ಬ್ರೆಟನ್ ಜನಾಂಗ ಆರಿಸಿಕೊಂಡೆ. ಹುಟ್ಟಿನಿಂದಲೇ ಶೇ 25 ಮ್ಯಾಜಿಕ್ ರೆಸಿಸ್ಟೆನ್ಸ್ (ಸ್ಪೆಲ್ ಏಟು ತಡೆಯುವ ಶಕ್ತಿ). ಆಲ್ಟರೇಶನ್ ಪರ್ಕ್ ಮೂರು ಹಂತದಿಂದ 30. ರಿಫ್ಟನ್‌ನ ಮಾರಾ ಗುಡಿಯ ಕೆಲಸ ಮುಗಿಸಿದರೆ 15. ಅದಕ್ಕೆ ಕಾದಾಟ ಬೇಕಿಲ್ಲ, ಊರಿಂದ ಊರಿಗೆ ಓಡಾಡಬೇಕು ಅಷ್ಟೇ. 70 ಆಯಿತು. ಮೋರ್ಥಲ್‌ನ ಪೂರ್ವಕ್ಕೆ ಬೆಟ್ಟದ ಮೇಲಿರುವ ಲಾರ್ಡ್ ಕಲ್ಲಿನಿಂದ ಇನ್ನೂ 25. ಮಿತಿ 85, ಆದ್ದರಿಂದ ಹತ್ತು ವ್ಯರ್ಥ. ಪರವಾಗಿಲ್ಲ, ಆ ಕಲ್ಲು 50 ಆರ್ಮರ್ ಕೂಡ ಕೊಡುತ್ತದೆ. ನನ್ನ 300 ಈಗ 350, ಅಂದರೆ ಶೇ 42. ಇದರಲ್ಲಿ ಒಂದೇ ಒಂದು ಎನ್‌ಚಾಂಟ್ (ವಸ್ತುವಿಗೆ ಮಂತ್ರ ತುಂಬುವ) ಜಾಗ ಖರ್ಚಾಗಿಲ್ಲ ಎನ್ನುವುದನ್ನು ಗಮನಿಸಿ.

70 ಸಾಕಲ್ಲ, 85 ಯಾಕೆ ಎಂದು ಒಬ್ಬ ಗೆಳೆಯ ವಾದ ಮಾಡಿದ. ಐಸಿ ಸ್ಪಿಯರ್ 60 ಎಂದು ಇಟ್ಟುಕೊಳ್ಳಿ. ಲೆಜೆಂಡರಿಯಲ್ಲಿ ಅದು 180. 70 ಇದ್ದರೆ 54 ಬೀಳುತ್ತದೆ. 85 ಇದ್ದರೆ 27. ಕೊನೆಯ ಹದಿನೈದು ಅಂಕ ಏಟನ್ನು ಅರ್ಧ ಮಾಡುತ್ತದೆ. ಮೊದಲ ಆಟದಲ್ಲಿ ಎರಡು ಸ್ಪಿಯರ್‌ಗೆ ಸತ್ತವನು ಈಗ ಹತ್ತು ತಿಂದರೂ ನಿಂತಿರುತ್ತೇನೆ.

ಇನ್ನು ದುಡ್ಡಿನ ವಿಷಯ. ಈ ಹಾದಿಯಲ್ಲಿ ಖರ್ಚೆಲ್ಲ ಎನ್‌ಚಾಂಟಿಂಗ್‌ಗೆ. ಹಿಂದಿನ ಆಟದಲ್ಲಿ ಸಾಲಿಟ್ಯೂಡ್‌ನ ಪ್ರೌಡ್‌ಸ್ಪೈರ್ ಮನೆಗೆ 25,000 ಸುರಿದಿದ್ದೆ, ಒಳಗಿನ ಸಾಮಾನಿಗೆ ಬೇರೆ. ಎನ್‌ಚಾಂಟಿಂಗ್ ಟೇಬಲ್ ಬೇಕು ಎಂಬ ಒಂದೇ ಆಸೆಗೆ. ಮಂತ್ರವಿದ್ಯೆ ಕಲಿಸುವ ವಿಂಟರ್‌ಹೋಲ್ಡ್ ಕಾಲೇಜಿನಲ್ಲಿ ಟೇಬಲ್ಲೂ ಇದೆ, ಮಲಗಲು ಕೋಣೆಯೂ ಇದೆ, ಒಂದು ಕಾಸು ಬೇಡ. ಈ ಸಲ ಮನೆಯನ್ನೇ ಕೊಳ್ಳಲಿಲ್ಲ. ಎನ್‌ಚಾಂಟಿಂಗ್‌ಗೆ ಬೇಕಾದ, ಆತ್ಮ ಹಿಡಿದಿಡುವ ಗ್ರ್ಯಾಂಡ್ ಸೋಲ್ ಜೆಮ್ ಕೊಳ್ಳುವುದನ್ನೂ ಬಿಟ್ಟೆ. ಅಜುರಾದ ನಕ್ಷತ್ರ ಎಂಬ ಅಂಥದೇ ಕಲ್ಲನ್ನು, ಮನುಷ್ಯರ ಆತ್ಮ ಹಿಡಿಯುವ ಬ್ಲ್ಯಾಕ್ ಸ್ಟಾರ್ ಮಾಡಿಸಿಕೊಂಡೆ. ಒಬ್ಬ ಬ್ಯಾಂಡಿಟ್, ಒಂದು ದೊಡ್ಡ ಆತ್ಮ. ಕಲ್ಲು ಒಡೆಯುವುದಿಲ್ಲ, ಮತ್ತೆ ಮತ್ತೆ ಬಳಸಬಹುದು. ಬರೀ ಇದರಿಂದಲೇ ಹದಿನೈದು ಇಪ್ಪತ್ತು ಸಾವಿರ ಉಳಿದಿರಬೇಕು.

ಸಂಪಾದನೆಗೆ ಟ್ರಾನ್ಸ್‌ಮ್ಯೂಟ್ ಸ್ಪೆಲ್ ಹಿಡಿದೆ. ವೈಟ್‌ರನ್‌ನ ಉತ್ತರಕ್ಕೆ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪ್‌ನಲ್ಲಿ ಆ ಪುಸ್ತಕ ಸಿಗುತ್ತದೆ. ಕಬ್ಬಿಣದ ಅದಿರು ಬೆಳ್ಳಿಯಾಗಿ, ಬೆಳ್ಳಿ ಚಿನ್ನವಾಗಿ ಬದಲಾಗುತ್ತದೆ. ಪ್ರತಿ ಸಲ ಹಾಕಿದಾಗಲೂ ಆಲ್ಟರೇಶನ್ ಏರುತ್ತದೆ. ದುಡ್ಡು ಮತ್ತು ಪಾಠ ಒಟ್ಟಿಗೇ. ಎಲ್ಲರೂ ಆ ಚಿನ್ನದಲ್ಲಿ ಉಂಗುರ ಮಾಡಿ ಮಾರುತ್ತಾರೆ, ಲಾಭ ಜಾಸ್ತಿ. ನಾನು ಗಟ್ಟಿಯನ್ನೇ ಮಾರಿದೆ. ಉಂಗುರ ಮಾಡಿದರೆ ಸ್ಮಿಥಿಂಗ್ ಏರುತ್ತದೆ, ಅದರ ಹಿಂದೆ ಶತ್ರುಗಳ ಲೆವೆಲ್ ಏರುತ್ತದೆ. ಅದಿರು ಕರಗಿಸಿದರೆ ಏನೂ ಏರುವುದಿಲ್ಲ. ಗಟ್ಟಿಗೆ ಸಿಕ್ಕಿದ್ದು ಕಡಿಮೆ ಬೆಲೆ, ಆದರೆ ನೆಮ್ಮದಿ ಜಾಸ್ತಿ. ಬಂದದ್ದರಲ್ಲಿ ಬಹುಪಾಲು ಕಾಲೇಜಿನ ಗುರು ಟಾಲ್ಫ್‌ಡಿರ್ ಹತ್ತಿರ ಆಲ್ಟರೇಶನ್ ಪಾಠಕ್ಕೆ ಹೋಯಿತು. 75 ದಾಟಿದ ಮೇಲೆ ಒಂದೊಂದು ಪಾಠಕ್ಕೂ ಸಾವಿರಗಟ್ಟಲೆ ಕೇಳುತ್ತಾನೆ. ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಎನ್‌ಚಾಂಟಿಂಗ್ 100 ಆಗಿ ಎಕ್ಸ್‌ಟ್ರಾ ಎಫೆಕ್ಟ್ ಪರ್ಕ್ (ಒಂದೇ ವಸ್ತುವಿಗೆ ಎರಡು ಮಂತ್ರ ತುಂಬಬಹುದು) ಸಿಕ್ಕ ದಿನ ಆಟ ತಿರುಗಿತು. ತಲೆ, ಮೈ, ಉಂಗುರ, ಸರ. ನಾಲ್ಕರ ಮೇಲೂ ಡಿಸ್ಟ್ರಕ್ಷನ್ (ದಾಳಿಯ ಸ್ಪೆಲ್‌ಗಳ ಶಾಲೆ) ಖರ್ಚು ಶೇ 25 ಕಡಿಮೆ, ಆಲ್ಟರೇಶನ್ ಖರ್ಚು ಶೇ 25 ಕಡಿಮೆ. ಎರಡೂ ಶಾಲೆಯ ಸ್ಪೆಲ್ ಪೂರ್ತಿ ಉಚಿತ. ಇರುವ ಮ್ಯಾಜಿಕಾ ಎಲ್ಲ ಡ್ರೆಮೊರಾ ಕರೆಯಲು. ಬೂಟಿಗೆ ಶೀತ ಮತ್ತು ಮಿಂಚಿನ ರಕ್ಷಣೆ ಹಾಕಿದೆ. ಎನ್‌ಚಾಂಟಿಂಗ್ ಬೇಗ ಏರಿಸಲು ಯಾವ ಸಾಮಾನಿನ ಮೇಲೆ ಏನು ಹಾಕಿದೆ, ಅದಕ್ಕೆ ಮುಂಚೆ ಯಾವ ಗಿಡಮೂಲಿಕೆ ಕುಡಿದೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಹುಡುಕಲು ನನಗೆ ಮೂರು ವಾರ ಹಿಡಿಯಿತು. ನಮ್ಮ ಗುಂಪಿಗೂ ಇನ್ನೂ ಹೇಳಿಲ್ಲ.

ಇಷ್ಟಾದ ಮೇಲೆ ಡ್ರ್ಯಾಗನ್‌ಹೈಡ್. ಟಾಲ್ಫ್‌ಡಿರ್ ಹೇಳಿದ ಕಠಾರಿ ಹುಡುಕಿ, ಡ್ರ್ಯಾಗನ್‌ನ ಹಾರ್ಟ್‌ಸ್ಕೇಲ್ ತಂದುಕೊಟ್ಟೆ. ಈ ಸ್ಪೆಲ್ ಏಟಿನ ಶೇ 80 ಭಾಗವನ್ನು ನೇರವಾಗಿ ತಡೆಯುತ್ತದೆ. ಗೆಳೆಯರು ಸ್ಮಿಥಿಂಗ್ ಏರಿಸಿ, ಪರ್ಕ್ ಸುರಿದು, 567 ಮುಟ್ಟಿ ಪಡೆಯುವ ರಕ್ಷಣೆ ಇಷ್ಟೇ. ನನಗೆ ಅದು ಒಂದೇ ಸ್ಪೆಲ್‌ನಲ್ಲಿ ಬಂತು. ಇರುವುದು 30 ಸೆಕೆಂಡ್. ಸ್ಟೆಬಿಲಿಟಿ ಪರ್ಕ್ ಇದ್ದರೆ 45. ಆದರೆ ಎರಡೂ ಕೈ ಎತ್ತಿ ಕೆಲವು ಸೆಕೆಂಡ್ ಕಾಯಬೇಕು. ಜಗಳದ ಮಧ್ಯೆ ಹಾಕಲು ಹೋಗಿ ಆರೇಳು ಸಲ ಸತ್ತಿದ್ದೇನೆ. ಬಾಗಿಲ ಹೊರಗೇ ಹಾಕಿ ಒಳಗೆ ನುಗ್ಗಬೇಕು. ಬಾಗಿಲು ಇಲ್ಲದ ಕಡೆ ನಾನು ಬೇರೆ ಒಂದು ರೀತಿ ಮಾಡುತ್ತೇನೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲ 20 ಲೆವೆಲ್‌ಗೆ ಈ ಹಾದಿ ಹಿಂಸೆ. ಶುರುವಿನ ರಕ್ಷಣೆಯ ಸ್ಪೆಲ್ ಓಕ್‌ಫ್ಲೆಶ್ 40, ಎರಡು ಪಟ್ಟು ಮಾಡಿದರೆ 80, ಶೇ ಹತ್ತೂ ಬರುವುದಿಲ್ಲ. ಆ ಹೊತ್ತಿನಲ್ಲಿ ಆರ್ಮರ್ ಹಾಕಿದವನೇ ಗೆಲ್ಲುತ್ತಾನೆ. ನಾನು ಒಳ್ಳೆಯ ಸ್ಟೀಲ್ ಪ್ಲೇಟ್ ಸಿಕ್ಕಾಗಲೆಲ್ಲ ಆಟದಲ್ಲಿ ಜೊತೆಗೆ ಬರುವ ಲಿಡಿಯಾಗೆ ಕೊಟ್ಟೆ. ಅವಳು ಮುಂದೆ, ನಾನು ಹಿಂದೆ. ಆರ್ಮರ್ ಬೇಕು, ಆದರೆ ಅದು ಅವಳ ಮೈಮೇಲೆ ಇದ್ದರೆ ಸಾಕಾಯಿತು.

ಲ್ಯಾಬಿರಿಂಥಿಯನ್‌ಗೆ 50 ದಾಟಿದ ಮೇಲೆ ಹೋದೆ. ಸುಮ್ನೆ ಅವಸರ ಮಾಡಲಿಲ್ಲ. ಮೊದಲ ದೊಡ್ಡ ಕೋಣೆಯಲ್ಲಿ ಅಸ್ಥಿಪಂಜರದ ಡ್ರ್ಯಾಗನ್ ಎದ್ದಿತು. ಅದರ ಹಿಮದ ಉಸಿರು ಮೈಮೇಲೆ ಬಿತ್ತು, ಹೆಲ್ತ್ ಪಟ್ಟಿ ಅಲ್ಲಾಡಲಿಲ್ಲ ಎನ್ನಬೇಕು. ಮುಂದೆ ಹೋದ ಹಾಗೆ ಮೊರೊಕೈನ ದನಿ ಕೇಳಿಸುತ್ತದಲ್ಲ, ಪ್ರತಿ ಸಲ ಮ್ಯಾಜಿಕಾ ಹೀರುತ್ತದೆ. ಹಿಂದಿನ ಆಟದಲ್ಲಿ ಅಲ್ಲೇ ಕಂಗಾಲಾಗಿದ್ದೆ. ಈ ಸಲ ಮ್ಯಾಜಿಕಾ ಸೊನ್ನೆಗೆ ಬಂದರೂ ಮಿಂಚಿನ ಸ್ಪೆಲ್ ಥಂಡರ್‌ಬೋಲ್ಟ್ ಹೊಡೆಯುತ್ತಲೇ ಇದ್ದೆ. ಉಚಿತ ಸ್ಪೆಲ್‌ಗೆ ಮ್ಯಾಜಿಕಾ ಬೇಕಿಲ್ಲ. ಕೊನೆಯ ಬಾಗಿಲ ಮುಂದೆ ಡ್ರ್ಯಾಗನ್‌ಹೈಡ್ ಹಾಕಿದೆ. ಮೊರೊಕೈಗೆ ಕವಚ ಹಿಡಿದಿದ್ದ ಇಬ್ಬರನ್ನೂ ಮೊದಲು ಮುಗಿಸಿದೆ. ಆಮೇಲೆ ಅವನ ಮೇಲೆ ಎರಡು ಕೈ ಥಂಡರ್‌ಬೋಲ್ಟ್, ಒಂದರ ಹಿಂದೆ ಒಂದು. ಎರಡನೇ ಪ್ರಯತ್ನಕ್ಕೇ ಬಿದ್ದ. ಸ್ಕ್ರೀನ್‌ಶಾಟ್ ಗುಂಪಿಗೆ ಕಳಿಸಿದೆ. ಡೇಡ್ರಿಕ್ ಗೆಳೆಯ ಅರ್ಧ ಗಂಟೆ ಬಿಟ್ಟು "ಮಾರಾ ಗುಡಿ ಕೆಲಸ ಎಲ್ಲಿಂದ ಶುರು ಮಾಡ್ಬೇಕು?" ಎಂದು ಕೇಳಿದ.

ಮಾಸ್ಕ್ ಈಗ ಕಾಲೇಜಿನ ಕೋಣೆಯ ಪೆಟ್ಟಿಗೆಯಲ್ಲಿದೆ. ಇನ್ನೂ ಬಗೆಹರಿಯದ ಒಂದು ತೊಂದರೆ ಬಿಲ್ಲುಗಾರರದು. ಡ್ರೌಗರ್ ಡೆತ್‌ಲಾರ್ಡ್ (ಎದ್ದು ಕಾದಾಡುವ ಹೆಣಗಳಲ್ಲಿ ಬಲಶಾಲಿ) ದೂರದಿಂದ ಎಬನಿ ಬಿಲ್ಲು ಎಳೆದರೆ ಇಂಪ್ಯಾಕ್ಟ್ ಅಷ್ಟು ದೂರಕ್ಕೆ ಸರಿಯಾಗಿ ತಾಗುವುದಿಲ್ಲ. ಎಬನಿಫ್ಲೆಶ್‌ನ 90 ಸೆಕೆಂಡ್ ಮುಗಿದದ್ದು ಗಮನಕ್ಕೆ ಬಾರದಿದ್ದರೆ ಒಂದೇ ಬಾಣ ಸಾಕು. ಸದ್ಯಕ್ಕೆ ಫೋನಿನಲ್ಲಿ 80 ಸೆಕೆಂಡ್ ಟೈಮರ್ ಇಟ್ಟು ಆಡುತ್ತಿದ್ದೇನೆ.