ಅಪರೂಪದ ಸ್ಲಿಪ್ಪರ್ ಆರ್ಕಿಡ್ ಪ್ರಭೇದಕ್ಕೆ ತೀರ್ಪುಗಾರರ ಮನ್ನಣೆ ಪಡೆಯುವ ಬಗೆ

ಅಮೆರಿಕನ್ ಆರ್ಕಿಡ್ ಸೊಸೈಟಿಯ ತೀರ್ಪು ಕೇಂದ್ರಗಳಲ್ಲಿ ಹೂವಿನ ಗುಣಮಟ್ಟಕ್ಕೆ ಅಂಕ ಕೊಡುವ ಪದ್ಧತಿ ಬಹುತೇಕ ಬೆಳೆಗಾರರಿಗೆ ಗೊತ್ತಿರುತ್ತದೆ: 75ರಿಂದ 79 ಅಂಕಕ್ಕೆ ಎಚ್‌ಸಿಸಿ (ಹೈಲಿ ಕಮೆಂಡೆಡ್ ಸರ್ಟಿಫಿಕೇಟ್), 80ರಿಂದ 89ಕ್ಕೆ ಎಎಂ (ಅವಾರ್ಡ್ ಆಫ್ ಮೆರಿಟ್), 90 ಮತ್ತು ಅದಕ್ಕೂ ಮೇಲ್ಪಟ್ಟು ಎಫ್‌ಸಿಸಿ (ಫಸ್ಟ್ ಕ್ಲಾಸ್ ಸರ್ಟಿಫಿಕೇಟ್). ಆದರೆ ಹಿಂದೆಂದೂ ತೀರ್ಪಿನ ಮೇಜಿಗೆ ಬಾರದ ಕಾಡು ಪ್ರಭೇದವೊಂದನ್ನು ಈ ಅಳತೆಗೋಲಿಗೆ ಒಡ್ಡುವುದು ನನ್ನ ಮಟ್ಟಿಗೆ ಆ ಗಿಡಕ್ಕೆ ಮಾಡುವ ಅನ್ಯಾಯ. ಅಂಥ ಗಿಡಗಳಿಗೆಂದೇ ಬೇರೆ ಎರಡು ಪ್ರಶಸ್ತಿಗಳಿವೆ. ಹಿಂದೆ ಯಾವ ಪ್ರಶಸ್ತಿಯನ್ನೂ ಪಡೆಯದ, ಅಪರೂಪದ, ಶೈಕ್ಷಣಿಕ ಮಹತ್ವವುಳ್ಳ ಪ್ರಭೇದಕ್ಕೆ ಸರ್ಟಿಫಿಕೇಟ್ ಆಫ್ ಬಟಾನಿಕಲ್ ರೆಕಗ್ನಿಷನ್, ಅಂದರೆ ಸಿಬಿಆರ್, ಅಂಕಗಳಿಲ್ಲದೆ ಸಲ್ಲುತ್ತದೆ. ಸೌಂದರ್ಯದಿಂದ ತೋಟಗಾರಿಕೆಗೆ ಕೊಡುಗೆಯಾಗಬಲ್ಲ ಪ್ರಭೇದಕ್ಕೆ ಸರ್ಟಿಫಿಕೇಟ್ ಆಫ್ ಹಾರ್ಟಿಕಲ್ಚರಲ್ ಮೆರಿಟ್, ಅಂದರೆ ಸಿಎಚ್‌ಎಂ ಇದ್ದು, ಅದಕ್ಕೆ ಸರಾಸರಿ 80 ಅಂಕವಾದರೂ ಬರಬೇಕು.

ಮೊದಲು ಮಾಡಬೇಕಾದ ಕೆಲಸ ದಾಖಲೆ ಹುಡುಕುವುದು. ಸೊಸೈಟಿಯ ಪ್ರಶಸ್ತಿಗಳ ದಾಖಲೆಯಾದ ಆರ್ಕಿಡ್‌ಪ್ರೋದಲ್ಲಿ ನಿಮ್ಮ ಪ್ರಭೇದದ ಈಗಿನ ಹೆಸರನ್ನಷ್ಟೇ ಅಲ್ಲ, ಹಳೆಯ ಹೆಸರುಗಳನ್ನೂ ಹುಡುಕಿ. ಮೆಕ್ಸಿಕೋದ ಓಹಾಕಾ ಪ್ರಾಂತ್ಯದ ಪುಟ್ಟ ಬಿಳಿ ಹೂವಿನ ಪ್ರಭೇದವನ್ನು 1990ರಲ್ಲಿ ಫ್ರಾಗ್ಮಿಪೀಡಿಯಮ್ ಜೀರೋಫೈಟಿಕಮ್ ಎಂದು ವಿವರಿಸಿದ್ದರು. 1992ರಲ್ಲಿ ಅದು ಮೆಕ್ಸಿಪೀಡಿಯಮ್ ಎಂಬ ಹೊಸ ಕುಲಕ್ಕೆ ಹೋಯಿತು. ಒಂದೇ ಹೆಸರಿನಲ್ಲಿ ಹುಡುಕಿದರೆ ಇನ್ನೊಂದರಡಿಯ ದಾಖಲೆ ಕಣ್ತಪ್ಪಬಹುದು.

ಇನ್ನು ಗುರುತಿನ ವಿಷಯ. ಮನ್ನಣೆ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಕುಂಡದ ಚೀಟಿಯಲ್ಲಿ ಬರೆದದ್ದು ಪುರಾವೆಯಲ್ಲ, ಏಕೆಂದರೆ ಪ್ರಭೇದದ ಹೆಸರಿನಲ್ಲಿ ಸಂಕರ ಗಿಡಗಳು ಮಾರಾಟವಾಗುವುದುಂಟು. ಚಪ್ಪಲಿಯ ತುದಿಯಂತೆ ಕಾಣುವ ಚೀಲದಂಥ ದಳವೊಂದಿರುವ ಸ್ಲಿಪ್ಪರ್ ಆರ್ಕಿಡ್‌ಗಳಲ್ಲಿ ಫಲವಂತ ಪರಾಗಕೋಶಗಳು ಎರಡಿದ್ದು, ಅವುಗಳ ಮುಂದೆ ಹೂವಿನ ನಟ್ಟನಡುವೆ ಸ್ಟ್ಯಾಮಿನೋಡ್ ಎಂಬ ಗುರಾಣಿಯಾಕಾರದ ಬಂಜೆ ಕೇಸರವಿರುತ್ತದೆ. ನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಪ್ರಭೇದಗಳನ್ನು ಬೇರ್ಪಡಿಸುವಾಗ ತಜ್ಞರು ಬಹಳ ಸಲ ಮೊದಲು ನೋಡುವುದು ಇದನ್ನೇ: ಅದರ ಅಂಚು, ಮೇಲ್ಭಾಗದ ಸೀಳು, ರೋಮ, ಬಣ್ಣ. ಆದ್ದರಿಂದ ಸ್ಟ್ಯಾಮಿನೋಡನ್ನು ನೇರವಾಗಿ ಎದುರಿನಿಂದ, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿಯಿಟ್ಟು, ಅತಿ ಸಮೀಪದಿಂದ ಛಾಯಾಚಿತ್ರ ತೆಗೆಯಿರಿ. ಅನಂತರ ಮೇಲಿನ ಪುಷ್ಪಪತ್ರ, ಕೆಳಗೆ ಒಂದಾಗಿ ಬೆಸೆದುಕೊಂಡ ಎರಡು ಪುಷ್ಪಪತ್ರಗಳು, ದಳಗಳ ಮೇಲಿನ ಗಂಟು ಮತ್ತು ಕೂದಲು, ಚೀಲದ ಬಾಯಿಯ ಅಂಚು, ಎಲೆಯ ಎರಡೂ ಮಗ್ಗುಲು, ಎಲೆಯ ಬುಡದ ನೇರಳೆ ಚುಕ್ಕೆ ಇವೆಲ್ಲವೂ ಚಿತ್ರದಲ್ಲಿರಲಿ. ಪ್ರತಿ ಭಾಗದ ಉದ್ದಗಲವನ್ನು ಸೆಂಟಿಮೀಟರಿನಲ್ಲಿ ಬರೆದು, ಪ್ರಭೇದದ ಮೂಲ ವಿವರಣೆಯ ಪ್ರತಿಯೊಂದಿಗೆ ಒಯ್ಯಿರಿ.

ಗಿಡದ ಮೂಲವನ್ನು ತೋರಿಸುವ ಕಾಗದಗಳೂ ಅಷ್ಟೇ ಮುಖ್ಯ. ಪ್ಯಾಫಿಯೋಪೀಡಿಲಮ್ ಮತ್ತು ಫ್ರಾಗ್ಮಿಪೀಡಿಯಮ್ ಎಂಬ ಸ್ಲಿಪ್ಪರ್ ಆರ್ಕಿಡ್ ಕುಲಗಳ ಎಲ್ಲ ಪ್ರಭೇದಗಳೂ, ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಅನುಬಂಧದಲ್ಲಿವೆ. ಪೆರುವಿನ ಫ್ರಾಗ್ಮಿಪೀಡಿಯಮ್ ಕೊವಾಚಿಯೈ 2002ರಲ್ಲಿ ಫ್ಲಾರಿಡಾದಲ್ಲಿ ವಿವರಣೆ ಪಡೆದಾಗ, ಗಿಡವು ಪರವಾನಗಿಯಿಲ್ಲದೆ ಬಂದದ್ದರಿಂದ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮ ಪಶ್ಚಿಮ ಘಟ್ಟದ ದಕ್ಷಿಣ ತುದಿಯ ಅಗಸ್ತ್ಯಮಲೆಯಲ್ಲಿ ಮಾತ್ರ ಬೆಳೆಯುವ, ಹಳದಿ ದಳಗಳ ನಡುವೆ ಕಂದು ಪಟ್ಟೆಯಿರುವ ಪ್ಯಾಫಿಯೋಪೀಡಿಲಮ್ ಡ್ರೂರಿಯೈ ಕಾಡಿನಲ್ಲಿ ಅಳಿವಿನ ಅಂಚಿಗೆ ಬಂದಿರುವುದಕ್ಕೆ ಸಂಗ್ರಾಹಕರ ಲೋಭವೂ ಒಂದು ಕಾರಣ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಈ ಕುಲವನ್ನು ರಕ್ಷಿಸುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಬೀಜದಿಂದ ಬೆಳೆಸಿದ ಸಸಿಯನ್ನೇ ಕೊಳ್ಳಿ. ನರ್ಸರಿಯ ರಸೀದಿ ಹಾಗೂ ಆಮದಿನ ದಾಖಲೆಯನ್ನು ಗಿಡ ಹೂ ಬಿಡುವವರೆಗೂ ಜೋಪಾನ ಮಾಡಿ. ಕಾಡಿನಿಂದ ಕಿತ್ತು ತಂದ ಗಿಡಕ್ಕೆ ಯಾವ ಮನ್ನಣೆಯನ್ನೂ ಬಯಸಬಾರದು.

ಮೊಗ್ಗು ಬಂದ ಮೇಲೆ ಕುಂಡವನ್ನು ತಿರುಗಿಸಬೇಡಿ. ಬೆಳಕಿನ ದಿಕ್ಕು ಬದಲಾದರೆ ಹೂವು ಓರೆಯಾಗುತ್ತದೆ. ಅರಳಿದ ದಿನವೇ ಒಯ್ಯುವ ಆತುರವೂ ಬೇಡ, ಹಲವು ಸ್ಲಿಪ್ಪರ್ ಹೂಗಳು ಬಿರಿದ ಮೇಲೂ ಕೆಲವು ದಿನ ಬೆಳೆಯುತ್ತಿರುತ್ತವೆ. ಕೇಂದ್ರಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ತೀರ್ಪು ನಡೆಯುವುದರಿಂದ ದಿನಾಂಕವನ್ನು ಮೊದಲೇ ತಿಳಿದುಕೊಳ್ಳಿ. ಸಿಬಿಆರ್‌ಗೆ ಇಡೀ ಗಿಡವನ್ನು ಪ್ರದರ್ಶಿಸಬೇಕು, ಕೊಯ್ದ ಹೂ ಸಾಲದು.

ಪ್ರಶಸ್ತಿ ಸಿಗುವ ಗಿಡಕ್ಕೆ ಅದರದೇ ಆದ ತಳಿ ಹೆಸರೂ ಬೇಕು. 1959ರಿಂದೀಚೆಗೆ ಇಡುವ ತಳಿ ಹೆಸರು ಲ್ಯಾಟಿನ್‌ನಲ್ಲಿ ಇರುವಂತಿಲ್ಲ. ರೋಮನ್ ಲಿಪಿಯಲ್ಲಿ ಬರೆದ ಕನ್ನಡದ ಹೆಸರಿಗೆ ಅಡ್ಡಿಯಿಲ್ಲ, ಮತ್ತು ಅಂಥ ಹೆಸರುಗಳು ಹೆಚ್ಚಬೇಕೆಂಬುದು ನನ್ನ ಆಸೆ.

ತೀರ್ಪುಗಾರರು ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಿಬಿಆರ್ ಮತ್ತು ಸಿಎಚ್‌ಎಂ ಎರಡೂ ತಾತ್ಕಾಲಿಕವಾಗಿ ಸಿಗುವಂಥವು. ಸಸ್ಯವರ್ಗೀಕರಣ ತಜ್ಞರು ಗುರುತನ್ನು ದೃಢಪಡಿಸಿದ ಮೇಲಷ್ಟೇ ಅವು ಸ್ಥಿರವಾಗುತ್ತವೆ. ಆದ್ದರಿಂದ ಮನೆಗೆ ಮರಳಿದೊಡನೆ, ಹೂ ಬಾಡುವ ಮುನ್ನ, ಅದರ ಭಾಗಗಳನ್ನು ಬಿಡಿಸಿ ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಹೊಂದಿಸಿ ಚಿತ್ರ ತೆಗೆದು ಆ ತಜ್ಞರಿಗೆ ಕಳುಹಿಸಿಕೊಡಿ. ಎರಡನೆಯ ಹೂವಿದ್ದರೆ ಅದನ್ನು ಇಡಿಯಾಗಿ ಸುಮಾರು 70 ಶೇಕಡಾ ಆಲ್ಕೋಹಾಲಿನಲ್ಲಿ ಮುಳುಗಿಸಿ, ಶೀಶೆಯ ಮೇಲೆ ಹೆಸರು ಮತ್ತು ದಿನಾಂಕ ಬರೆದಿಡಿ. ಆಲ್ಕೋಹಾಲಿನಲ್ಲಿ ಆಕಾರ ಉಳಿದರೂ ಬಣ್ಣ ಕರಗಿಹೋಗುವುದರಿಂದ, ಬಣ್ಣದ ಚಿತ್ರಗಳನ್ನು ಅದಕ್ಕೂ ಮೊದಲೇ ಹಗಲು ಬೆಳಕಿನಲ್ಲಿ ತೆಗೆದಿರಬೇಕು.