ಬ್ಯಾಂಡ್‌ಸಾ ಬ್ಲೇಡು: ಮೊದಲು ಹಲ್ಲು ಎಣಿಸಿ, ಆಮೇಲೆ ಬಿಗಿ ಮಾಡಿ

ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ಎಂಟು ಇಂಚಿನ ಚಕ್ರದ ಪುಟ್ಟ ಬ್ಯಾಂಡ್‌ಸಾ ಇದೆ. ಮೇಲೊಂದು ಕೆಳಗೊಂದು ಚಕ್ರ, ಅವುಗಳ ಸುತ್ತ ಬೆಲ್ಟಿನಂತೆ ಓಡುತ್ತಾ ಮರ ಕೊಯ್ಯುವ ಉದ್ದ ಬ್ಲೇಡು. ಹೊಸದರಲ್ಲಿ ಊರಿಂದ ತಂದ ಎರಡು ಇಂಚು ದಪ್ಪದ ಹಲಸಿನ ತುಂಡು ಸೀಳಲು ಹೋದೆ. ಗೆರೆ ಒಂದು ಕಡೆ, ಬ್ಲೇಡು ಇನ್ನೊಂದು ಕಡೆ. ಬಿಗಿ ಸಾಲದೇನೋ ಅಂತ ತಿರುಪು ತಿರುಗಿಸಿದೆ. ಇನ್ನೂ ತಿರುಗಿಸಿದೆ. ಹೊಗೆ ಬಂತು, ಹಿಂದೆಯೇ ಮನೆಯವರೂ ಬಂದರು.

ತಪ್ಪು ಹಲ್ಲಿನದಾಗಿತ್ತು. ಮಷಿನ್ ಜೊತೆ ಬಂದ ಬ್ಲೇಡಿಗೆ ಇಂಚಿಗೆ 14 ಹಲ್ಲು. ಅಂದರೆ ಆ ಹಲಸಿನೊಳಗೆ ಒಮ್ಮೆಗೆ 28 ಹಲ್ಲು! ಸಣ್ಣ ಹಲ್ಲಿನ ನಡುವೆ ಸಂದೂ ಸಣ್ಣದೇ ಅಲ್ವಾ? ಪುಡಿ ಹೊರಗೆ ಬರಲಾಗದೆ ಅಲ್ಲೇ ತುಂಬಿಕೊಳ್ಳುತ್ತದೆ. ಬ್ಲೇಡು ಬಿಸಿಯಾಗಿ ದಾರಿ ತಪ್ಪುತ್ತದೆ. ಮರದೊಳಗೆ ಕಡಿಮೆ ಎಂದರೂ 3 ಹಲ್ಲು ಇರಬೇಕು. 6ರಿಂದ 12 ಇದ್ದರೆ ಚೆಂದ. ದಪ್ಪ ಮರ ಸೀಳಲು ಇಂಚಿಗೆ 3–4 ಹಲ್ಲಿನದು ಕೊಳ್ಳಿ. ಮುಕ್ಕಾಲು ಇಂಚಿನ ಹಲಗೆಗೆ 6ರಿಂದ 10. ಆರು ಮಿಲಿಮೀಟರ್ ಪ್ಲೈವುಡ್‌ಗೆ 14 ಸರಿ.

ಇನ್ನು ಅಗಲ. ಎರಡು ಸೂತಿನ, ಅಂದರೆ ಕಾಲು ಇಂಚಿನ ಬ್ಲೇಡು ಸುಮಾರು 16 ಮಿಲಿಮೀಟರ್ ತ್ರಿಜ್ಯದ ತಿರುವು ತೆಗೆಯುತ್ತದೆ. ಅರ್ಧ ಇಂಚಿನದಕ್ಕೆ ಎರಡೂವರೆ ಇಂಚು ತ್ರಿಜ್ಯ ಬೇಕು. ಅಗಲ ಜಾಸ್ತಿ ಇದ್ದರೆ ನೇರ ಕೊಯ್ಯುತ್ತದೆ ನಿಜ. ಆದರೆ ಪುಟ್ಟ ಮಷಿನ್ನಿನ ಫ್ರೇಮಿಗೆ ಅದನ್ನು ಬಿಗಿಯಾಗಿ ಎಳೆದು ಹಿಡಿಯುವ ತಾಕತ್ತು ಇರುವುದಿಲ್ಲ. ನನ್ನ ಮಟ್ಟಿಗೆ ಮೂರು ಸೂತೇ ಸಾಕು.

ಬ್ಲೇಡು ಕೊಳ್ಳಲು ಮುಂಬೈನ ಹಾರ್ಡ್‌ವೇರ್ ಪೇಟೆ ನಾಗದೇವಿ ಸ್ಟ್ರೀಟಿಗೆ ಹೋಗುವ ಮೊದಲು ಅದರ ಉದ್ದ ಬರೆದುಕೊಳ್ಳಿ. ಬಿಗಿ ಮಾಡುವ ತಿರುಪನ್ನು ಅರ್ಧಕ್ಕೆ ತಂದು ಎರಡು ಚಕ್ರಗಳ ನಡುಬಿಂದುಗಳ ಅಂತರ ಅಳೆಯಿರಿ. ಅದರ ಎರಡರಷ್ಟಕ್ಕೆ ಚಕ್ರದ ವ್ಯಾಸದ 3.14 ಪಟ್ಟು ಸೇರಿಸಿ. ಅಂತರ 400, ವ್ಯಾಸ 200 ಮಿಲಿಮೀಟರ್ ಆದರೆ 1428.

ಈಗ ಬಿಗಿ. ಮೊದಲು ಪ್ಲಗ್ ಕಿತ್ತುಬಿಡಿ. ಹಲ್ಲಿನ ಮೊನೆ ಮೇಜಿನ ಕಡೆ, ಕೆಳಮುಖವಾಗಿರಲಿ. ಬ್ಲೇಡು ಅತ್ತಿತ್ತ ಹೋಗದಂತೆ ತಡೆಯುವ ಗೈಡುಗಳನ್ನು ಹಿಂದೆ ಸರಿಸಿ, ಸ್ವಲ್ಪ ಬಿಗಿ ಮಾಡಿ, ಮೇಲಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಬ್ಲೇಡು ಚಕ್ರದ ನಡುವೆ ಓಡುವವರೆಗೆ ಟ್ರ್ಯಾಕಿಂಗ್ ತಿರುಪನ್ನು, ಅಂದರೆ ಮೇಲಿನ ಚಕ್ರದ ಓರೆ ಬದಲಿಸುವ ತಿರುಪನ್ನು, ಚೂರು ಚೂರೇ ಸರಿಮಾಡಿ.

ಮಷಿನ್ ಮೇಲಿನ ಬಿಗಿಯ ಸ್ಕೇಲನ್ನು ನಾನು ನಂಬುವುದಿಲ್ಲ. ಸ್ಪ್ರಿಂಗ್ ಹಳತಾದ ಹಾಗೆ ಅದೂ ಸುಳ್ಳು ಹೇಳುತ್ತದೆ. ಬದಲಿಗೆ ಬ್ಲೇಡನ್ನು ಚೆನ್ನಾಗಿ ಬಿಗಿ ಮಾಡಿ, ಮಷಿನ್ನಿನ ಬಾಗಿಲು ಮುಚ್ಚಿ, ಪ್ಲಗ್ ಹಾಕಿ, ಪಕ್ಕಕ್ಕೆ ನಿಂತು ಮಷಿನ್ ಓಡಿಸಿ. ಬಿಗಿಯನ್ನು ನಿಧಾನ ಇಳಿಸುತ್ತಾ ಬನ್ನಿ. ಒಂದು ಹಂತದಲ್ಲಿ ಬ್ಲೇಡು ಪಟಪಟ ನಡುಗುತ್ತದೆ. ಅಲ್ಲಿಂದ ಮತ್ತೆ ಏರಿಸಿ. ನಡುಕ ನಿಂತ ಮೇಲೆ ಇನ್ನೊಂದು ಕಾಲು ಸುತ್ತು. ಅಷ್ಟೇ. ಮಷಿನ್ ನಿಲ್ಲಿಸಿ, ಪ್ಲಗ್ ಕಿತ್ತು, ಗೈಡುಗಳನ್ನು ಒಂದು ಕಾಗದದ ದಪ್ಪ ಬಿಟ್ಟು ಹತ್ತಿರ ತನ್ನಿ. ಅವು ಹಲ್ಲಿಗೆ ಮಾತ್ರ ತಾಗಬಾರದು.

ಕೆಲಸ ಮುಗಿದ ಮೇಲೆ ಬಿಗಿ ಸಡಿಲಿಸಿ. ಇಲ್ಲದಿದ್ದರೆ ಚಕ್ರದ ರಬ್ಬರಿನಲ್ಲಿ ತಗ್ಗು ಬೀಳುತ್ತದೆ. ನಮ್ಮ ಮುಂಬೈ ಮಳೆಗಾಲದಲ್ಲಿ ಬ್ಲೇಡು ವಾರದೊಳಗೆ ಕೆಂಪಾಗುತ್ತದೆ, ಎಣ್ಣೆ ಬಟ್ಟೆಯಿಂದ ಒರೆಸಿಡಿ. ನಾನು ಸ್ವಿಚ್ಚಿನ ಮೇಲೆ ‘ಸಡಿಲ ಇದೆ’ ಅಂತ ಚೀಟಿ ಅಂಟಿಸುತ್ತೇನೆ. ಒಮ್ಮೆ ಅಂಟಿಸದೆ ಮರೆತಿದ್ದೆ. ಮರುದಿನ ಸ್ವಿಚ್ ಹಾಕಿದ್ದೇ ತಡ, ಬ್ಲೇಡು ಚಕ್ರ ಬಿಟ್ಟು ಕಳಚಿತ್ತು.