ಆ್ಯಸಿಡ್ ಟ್ಯಾಂಕ್ ನೋಡಿಕೊಳ್ಳುವುದು: ನನ್ನ ಅನುಭವ

ಉಕ್ಕಿಗೆ ಸತುವಿನ ಲೇಪ ಕೊಡುವ ಘಟಕದಲ್ಲಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಟ್ಯಾಂಕುಗಳು ನನ್ನ ಜವಾಬ್ದಾರಿ. ತುಕ್ಕು ಮತ್ತು ಸ್ಕೇಲ್, ಅಂದರೆ ಬಿಸಿ ಉಕ್ಕಿನ ಮೇಲೆ ಕೂತ ಕಪ್ಪು ಪೊರೆ, ಪೂರ್ತಿ ಹೋಗದಿದ್ದರೆ ಸತು ಹಿಡಿಯುವುದಿಲ್ಲ. ಅವನ್ನು ತೆಗೆಯುವುದೇ ಈ ಆ್ಯಸಿಡಿನ ಕೆಲಸ. ಸಲ್ಫ್ಯೂರಿಕ್ ಆ್ಯಸಿಡಿನಲ್ಲೂ ಇದು ಆಗುತ್ತದೆ, ಆದರೆ ಅದನ್ನು 60–70 ಡಿಗ್ರಿಗೆ ಕಾಯಿಸಬೇಕು. ಹೈಡ್ರೋಕ್ಲೋರಿಕ್ಕಿಗೆ ಆ ರಗಳೆ ಇಲ್ಲ.

ಹೊಸಬರು ಗುಳ್ಳೆ ಜೋರಾಗಿ ಎದ್ದರೆ ಖುಷಿಪಡುತ್ತಾರೆ. ನನಗೋ ಕಿರಿಕಿರಿ. ಆ್ಯಸಿಡ್ ಮಾಡಬೇಕಾದ್ದು ಪೊರೆಯ ಬಿರುಕಿನಲ್ಲಿ ಇಳಿದು ಅಡಿಯ ಪದರ ಕರಗಿಸುವುದು. ಆಗ ಮೇಲಿನದು ಚಕ್ಕೆ ಚಕ್ಕೆಯಾಗಿ ಕಳಚಿ ತಳ ಸೇರುತ್ತದೆ. ಗುಳ್ಳೆ ಹೈಡ್ರೋಜನ್. ಸ್ವಲ್ಪ ಬಂದರೆ ಪೊರೆ ಎಬ್ಬಿಸಲು ಒಳ್ಳೆಯದೇ. ಜಾಸ್ತಿ ಬಂದರೆ ಆ್ಯಸಿಡ್ ಒಳ್ಳೆಯ ಉಕ್ಕನ್ನೇ ತಿನ್ನುತ್ತಿದೆ ಎಂದರ್ಥ. ಅದನ್ನು ತಡೆಯಲು ಇನ್‌ಹಿಬಿಟರ್ ಎಂಬ ರಾಸಾಯನಿಕ ಬೆರೆಸುತ್ತೇವೆ.

ಡ್ರಮ್ಮಿನಲ್ಲಿ ಬರುವುದು ಸುಮಾರು 33 ಶೇಕಡಾ, ಮುಚ್ಚಳ ತೆಗೆದರೆ ಹೊಗೆಯಾಡುತ್ತದೆ. ಮೊದಲು ನೀರು, ಆಮೇಲೆ ನಿಧಾನವಾಗಿ ಆ್ಯಸಿಡ್. 15 ಶೇಕಡಾ ಆಸುಪಾಸಿಗೆ ತಂದು ನಿಲ್ಲಿಸುತ್ತೇನೆ. ಜೊತೆಗೆ ಹಳೆಯ ಟ್ಯಾಂಕಿನ ದ್ರಾವಣ ಒಂದಿಷ್ಟು ಸೇರಿಸುತ್ತೇನೆ. ವಿಚಿತ್ರ ಅನಿಸಬಹುದು, ಆದರೆ ಸ್ವಲ್ಪ ಕಬ್ಬಿಣ ಕರಗಿರುವ ಆ್ಯಸಿಡ್ ಹೊಸದಕ್ಕಿಂತ ಚುರುಕು.

ಅದೇ ಕಬ್ಬಿಣ ಮಿತಿ ಮೀರಿದರೆ ತೊಂದರೆ. ದ್ರಾವಣ ಹಸಿರಾಗಿ, ಕೊನೆಗೆ ಕಪ್ಪು ಹಸಿರಿಗೆ ತಿರುಗುತ್ತದೆ. ಇಲ್ಲಿ ದ್ರಾವಣದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಒಂದನ್ನೇ ನಂಬುವ ಹಾಗಿಲ್ಲ. ಆ್ಯಸಿಡ್ ಕಡಿಮೆಯಾದಷ್ಟೂ ಕಬ್ಬಿಣ ಏರುತ್ತದೆ, ಸಾಂದ್ರತೆ ಇಳಿಯುವ ಬದಲು ಏರುತ್ತದೆ. ಅಳತೆ ನೋಡಿದರೆ ಆ್ಯಸಿಡ್ ಇನ್ನೂ ಪ್ರಬಲವಾಗಿದೆ ಅನಿಸುತ್ತದೆ, ಕಂಬಿ ಮಾತ್ರ ಕಪ್ಪಾಗಿಯೇ ಹೊರಬರುತ್ತದೆ! ಅದಕ್ಕೇ ಆ್ಯಸಿಡನ್ನೂ ಕಬ್ಬಿಣವನ್ನೂ ಬೇರೆ ಬೇರೆ ಟೈಟ್ರೇಟ್ ಮಾಡುತ್ತೇನೆ, ಅಂದರೆ ಇನ್ನೊಂದು ದ್ರಾವಣ ಹನಿ ಹನಿಯಾಗಿ ಬೆರೆಸಿ ಪ್ರಮಾಣ ಅಳೆಯುತ್ತೇನೆ. ಲೀಟರಿಗೆ 100–150 ಗ್ರಾಂ ಕಬ್ಬಿಣ ಬಂತೆಂದರೆ ಹೊಸ ಆ್ಯಸಿಡ್ ಸುರಿಯುವುದು ದಂಡ, ಟ್ಯಾಂಕ್ ಬದಲಾಯಿಸುವುದೇ ಸರಿ.

ಹೆಚ್ಚು ಗಟ್ಟಿಯ ಬೋಲ್ಟುಗಳನ್ನು ನಾನು ಆ್ಯಸಿಡಿಗೆ ಇಳಿಸುವುದಿಲ್ಲ. ಹೈಡ್ರೋಜನ್ ಒಳಗೆ ಸೇರಿದರೆ ಉಕ್ಕು ಪೆಡಸಾಗಿ, ಬಿಗಿದ ಮೇಲೆ ಎಂದೋ ಒಂದು ದಿನ ಪಟ್ ಅಂತ ಮುರಿಯಬಹುದು. ಅವಕ್ಕೆ ಬ್ಲಾಸ್ಟಿಂಗೇ, ಅಂದರೆ ಒರಟು ಕಣಗಳನ್ನು ರಭಸದಿಂದ ಎರಚಿ ಶುಚಿ ಮಾಡುವುದೇ, ವಾಸಿ.

ಸವೆದ ಆ್ಯಸಿಡ್ ಚರಂಡಿಗೆ ಹೋಗುವ ವಸ್ತುವಲ್ಲ. ದೊಡ್ಡ ಉಕ್ಕಿನ ಕಾರ್ಖಾನೆಗಳು ಅದನ್ನು ಬಿಸಿ ಕುಲುಮೆಗೆ ಸಿಂಪಡಿಸಿ ಹೈಡ್ರೋಕ್ಲೋರಿಕ್ ಆ್ಯಸಿಡನ್ನು ಮರಳಿ ಪಡೆಯುತ್ತವೆ. ಉಳಿಯುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್, ಬಣ್ಣಕ್ಕೂ ಫೆರೈಟ್ ಅಯಸ್ಕಾಂತಕ್ಕೂ ಹೋಗುತ್ತದೆ. ನಮ್ಮಂಥ ಸಣ್ಣ ಘಟಕಕ್ಕೆ ಆ ಕುಲುಮೆ ದೂರದ ಮಾತು. ಪರವಾನಗಿ ಇರುವವರ ಟ್ಯಾಂಕರಿಗೆ ತುಂಬಿಸಿ ಕಳಿಸುತ್ತೇವೆ.